ಐವತ್ತು ರೂಪಾಯಿ ಗೋಬಿಯ ವರ್ಷದ ಲೆಕ್ಕ

ಆಡೂರಿನಂಥ ಊರಿನಿಂದ ಹಾನಗಲ್ಲಿಗೋ ಹಾವೇರಿಗೋ ಬಸ್ ಹತ್ತುವ ಡಿಗ್ರಿ ವಿದ್ಯಾರ್ಥಿಯ ಖರ್ಚಿನಲ್ಲಿ ಫೀ, ಪುಸ್ತಕ, ಬಸ್‌ ಪಾಸು ಮನೆಯವರ ಕಣ್ಣಿಗೆ ಬೀಳುತ್ತವೆ; ಸಂಜೆಯ ಗೋಬಿ, ಎಗ್ ರೈಸ್, ನೂಡಲ್ಸ್ ಬೀಳುವುದಿಲ್ಲ. ಫೀ ಒಮ್ಮೆಲೇ ಸಾವಿರಗಳಲ್ಲಿ ಹೋಗುತ್ತದೆ, ಗೋಬಿ ಮಾತ್ರ ಐವತ್ತೈವತ್ತಾಗಿ ಸೋರುತ್ತದೆ. ಹಿರಿಯರು ಫಾಸ್ಟ್‌ಫುಡ್ ಬಗ್ಗೆ ಮಾತೆತ್ತಿದರೆ ಅದು ಹೊಟ್ಟೆ ಕೆಡುವ ಮಾತಿನಿಂದ ಶುರುವಾಗಿ ಬುದ್ಧಿವಾದದಲ್ಲಿ ಮುಗಿಯುತ್ತದೆ. ಹುಡುಗರು ತಲೆಯಾಡಿಸಿ ಮರುದಿನ ಅದೇ ಗಾಡಿಯ ಮುಂದೆ ನಿಲ್ಲುತ್ತಾರೆ. ಮನೆ ಖರ್ಚಿನ ಲೆಕ್ಕ ಬರೆಯುವ ರೂಢಿಯಿರುವ ನನಗೆ ಈ ವಿಷಯವನ್ನು ಹಣದ ಕಡೆಯಿಂದ ನೋಡುವುದೇ ಹೆಚ್ಚು ಪ್ರಾಮಾಣಿಕ ಅನಿಸುತ್ತದೆ. ಫಾಸ್ಟ್‌ಫುಡ್ ತಿಂಡಿಯ ಜಾಗದಲ್ಲಿರುವ ತನಕ ವಿದ್ಯಾರ್ಥಿಯ ಕೈಗೆಟಕುವ ಸುಖ. ಊಟದ ಜಾಗಕ್ಕೆ ಬಂತೆಂದರೆ ಅದರಷ್ಟು ತುಟ್ಟಿಯಾದ ಊಟ ಬೇರೊಂದಿಲ್ಲ. ಇದು ನನ್ನ ವಾದ.

ಒಂದು ಪ್ಲೇಟಿಗೆ 50 ರೂಪಾಯಿ ಎಂದು ಹಿಡಿಯೋಣ, ವಾರಕ್ಕೆ ನಾಲ್ಕು ಸಲ ಎನ್ನೋಣ. ವಾರಕ್ಕೆ 200 ಆಯಿತು. ಕಾಲೇಜು ನಡೆಯುವ ನಲವತ್ತು ವಾರಕ್ಕೆ 8,000. ಈ ಮೊತ್ತ ದೊಡ್ಡದೋ ಸಣ್ಣದೋ ಎಂಬುದು ಅದನ್ನು ಯಾವುದರ ಪಕ್ಕ ಇಡುತ್ತೇವೆ ಎಂಬುದರ ಮೇಲಿದೆ. ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 2025–26ರ ಸಾಲಿಗೆ 370 ರೂಪಾಯಿ ಇತ್ತು. ಎಂದರೆ ಆ 8,000 ರೂಪಾಯಿ ಇಪ್ಪತ್ತೊಂದು ದಿನಕ್ಕೂ ಮೇಲಿನ ಕೂಲಿ. ಇನ್ನೊಂದು ಅಳತೆಯೂ ಇದೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ಊಟ-ವಸತಿಗೆಂದು ರಾಜ್ಯ ಸರ್ಕಾರ ವಿದ್ಯಾಸಿರಿ ಯೋಜನೆ ಆರಂಭಿಸಿದಾಗ ಕೊಟ್ಟದ್ದು ತಿಂಗಳಿಗೆ 1,500 ರೂಪಾಯಿ, ಹತ್ತು ತಿಂಗಳ ಮಟ್ಟಿಗೆ. ದಿನಕ್ಕೆ ಭಾಗಿಸಿದರೆ 50 ರೂಪಾಯಿ. ಒಬ್ಬ ವಿದ್ಯಾರ್ಥಿಯ ಇಡೀ ದಿನದ ಊಟ ಮತ್ತು ಸೂರಿಗೆ ಸರ್ಕಾರ ಎತ್ತಿಟ್ಟ ಹಣ ಒಂದು ಪ್ಲೇಟ್ ಗೋಬಿಗೆ ಸರಿಹೋಯಿತು. ಆ ಸಹಾಯಧನ ಸಾಲದು ಎಂದು ಯಾರಾದರೂ ಹೇಳಿದರೆ ನಾನೂ ಒಪ್ಪುತ್ತೇನೆ. ಸಾಕಾಗದ ಹಣವಾದ್ದರಿಂದಲೇ ಅದನ್ನು ಎಲ್ಲಿ ಖರ್ಚು ಮಾಡುತ್ತೇವೆ ಎಂಬ ಎಚ್ಚರ ಹೆಚ್ಚು ಬೇಕು. ಹಾಸ್ಟೆಲಿನಲ್ಲಿರುವವರ ಲೆಕ್ಕ ಇನ್ನೂ ವಿಚಿತ್ರ: ಅಲ್ಲಿ ಊಟ ಆಗಲೇ ಸಿದ್ಧವಿರುತ್ತದೆ. ಅದನ್ನು ಬಿಟ್ಟು ಹೊರಗೆ ತಿಂದವರು ಒಂದೇ ಹಸಿವಿಗೆ ಎರಡು ಊಟ ಖರ್ಚು ಹಾಕಿದಂತೆ.

ಹಾಗೆಂದು ಇದನ್ನು ನಾಲಿಗೆ ಚಪಲ ಎಂದು ತಳ್ಳಿಹಾಕುವುದು ಅನ್ಯಾಯ. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಹಳ್ಳಿಯ ಮಕ್ಕಳಿಗೆ ಬಸ್ಸಿನ ವೇಳೆಯೇ ಊಟದ ವೇಳೆಯನ್ನು ಗೊತ್ತುಮಾಡುತ್ತದೆ. ಒಲೆಯ ಮೇಲೆ ರೊಟ್ಟಿ ಆಗುವ ಮುನ್ನ ಬಸ್ ಬಂದರೆ ಬುತ್ತಿ ಇಲ್ಲ. ಮಧ್ಯಾಹ್ನದ ಕ್ಲಾಸು ಮುಗಿದು ಸಂಜೆಯ ಬಸ್ ಬರುವ ತನಕ ಹೊಟ್ಟೆ ಕಾಯುವುದಿಲ್ಲ. ಆ ಹೊತ್ತಿಗೆ ಬಿಸಿಯಾಗಿ, ಕಣ್ಣೆದುರೇ, ಐದು ನಿಮಿಷದಲ್ಲಿ ಸಿಗುವ ಪ್ಲೇಟು ನಿಜವಾದ ಸೇವೆ. ಗಾಡಿ ನಡೆಸುವವರೂ ಬಹುಪಾಲು ಸುತ್ತಮುತ್ತಲಿನವರೇ. ಅಲ್ಲಿ ಕೊಟ್ಟ ದುಡ್ಡು ಊರಲ್ಲೇ ಉಳಿಯುತ್ತದೆ. ಗೆಳೆಯರ ಜತೆ ನಿಂತು ತಿನ್ನುವ ಸುಖಕ್ಕೂ ಒಂದು ಬೆಲೆ ಇದೆ, ಅದನ್ನು ದಂಡದ ಖರ್ಚಿನ ಸಾಲಿಗೆ ಹಾಕಲಾರೆ. ಆದರೆ ಈ ಕಾರಣಗಳೆಲ್ಲ ಸಮರ್ಥಿಸುವುದು ಆಗೊಮ್ಮೆ ಈಗೊಮ್ಮೆಯ ಪ್ಲೇಟನ್ನು. ದಿನವೂ ಬುತ್ತಿ ತಪ್ಪುತ್ತಿದ್ದರೆ ಪರಿಹಾರ ಹುಡುಕಬೇಕಾದದ್ದು ಬುತ್ತಿಗೆ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದು ತೂಕದ್ದು. ಮನೆಯ ಬುತ್ತಿ ಅಗ್ಗ ಎನ್ನುವವರು ಬೆಳಗಿನ ಐದಕ್ಕೆ ಎದ್ದು ರೊಟ್ಟಿ ಬಡಿಯುವ ತಾಯಿಯ ದುಡಿಮೆಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಹೊಲದ ಕೂಲಿಗೂ ಹೋಗುವ ಹೆಣ್ಣುಮಗಳ ಆ ಒಂದು ತಾಸಿಗೆ ದರ ಕಟ್ಟಿದರೆ ಬುತ್ತಿ ಗೋಬಿಗಿಂತ ಅಗ್ಗ ಎನ್ನುವುದು ಅನುಮಾನ. ಈ ಮಾತು ನಿಜ, ಉತ್ತರವೂ ನಮ್ಮ ಅಡುಗೆಮನೆಯಲ್ಲೇ ಇದೆ. ಖಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿಯೂ ಅಷ್ಟೇ. ಒಮ್ಮೆ ಮಾಡಿಟ್ಟರೆ ಅಥವಾ ರೊಟ್ಟಿ ಮಾರುವ ಹೆಣ್ಣುಮಕ್ಕಳಿಂದ ಕೊಂಡಿಟ್ಟರೆ, ಬುತ್ತಿ ಕಟ್ಟುವ ಕೆಲಸ ಎರಡು ನಿಮಿಷದ್ದು. ಅದನ್ನು ಮಗನೂ ಮಾಡಬಹುದು. ಹೊರಗೇ ತಿನ್ನಬೇಕೆಂದರೆ ನಮ್ಮ ಕಡೆಯ ಗಿರಮಿಟ್ಟೂ ಫಾಸ್ಟ್‌ಫುಡ್ಡೇ: ಮಂಡಕ್ಕಿ, ಉಳ್ಳಾಗಡ್ಡಿ, ಪುಠಾಣಿ ಹಿಟ್ಟು, ಕರಿಯುವ ಮಾತಿಲ್ಲ. ಜತೆಗಿನ ಮಿರ್ಚಿಯನ್ನು ಒಂದಕ್ಕೆ ನಿಲ್ಲಿಸಿದರಾಯಿತು.

ಆರೋಗ್ಯವನ್ನೂ ನಾನು ಖರ್ಚಿನ ಕಾಲಮ್ಮಿನಲ್ಲೇ ಬರೆಯುತ್ತೇನೆ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಆಗ ಪರೀಕ್ಷಿಸಿದ 171 ಗೋಬಿ ಮಾದರಿಗಳಲ್ಲಿ 107 ಅಸುರಕ್ಷಿತ ಎಂದು ಕಂಡುಬಂದಿದ್ದವು. ಜೂನ್‌ನಲ್ಲಿ ಕಬಾಬಿಗೂ ಅದೇ ನಿಷೇಧ ಬಂತು. ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸುವುದಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರ 2018ರಿಂದಲೇ ಮಿತಿ ಹಾಕಿದೆ. ನಿಯಮ ಇದ್ದ ಮಾತ್ರಕ್ಕೆ ಬಾಂಡ್ಲಿ ಶುದ್ಧವಾಗುವುದಿಲ್ಲ. ಕೆಂಪಗೆ ಹೊಳೆಯುವ ಗೋಬಿ, ಕಪ್ಪಾದ ಎಣ್ಣೆ ಕಂಡಾಗ ಮುಂದಿನ ಗಾಡಿಗೆ ನಡೆಯುವುದು ಗಿರಾಕಿಯ ಕೈಯಲ್ಲೇ ಇದೆ. ಪರೀಕ್ಷೆಯ ವಾರ ಹೊಟ್ಟೆ ಕೆಟ್ಟರೆ ಆಗುವ ನಷ್ಟ ಡಾಕ್ಟರ ಚೀಟಿಗೆ ನಿಲ್ಲುವುದಿಲ್ಲ. ಇನ್ನು ಪ್ಲೇಟಿನ ಜತೆ ತರಿಸುವ, ಗ್ಯಾಸ್ ತುಂಬಿದ ಬಾಟಲಿ ಪಾನೀಯ: ಅದು ಶೇ 40ರ ಜಿಎಸ್‌ಟಿ ಸಾಲಿನಲ್ಲಿರುವ ಸರಕು. ಹೊಟ್ಟೆ ತುಂಬಿಸದ, ತೆರಿಗೆಯೇ ಹೆಚ್ಚಾಗಿರುವ ಆ ಬಾಟಲಿಯನ್ನು ಮೊದಲು ಕೈಬಿಡಿ.

ಕೊನೆಗೆ ಪಾವತಿಯ ಮಾತು. ನೋಟು ಕೊಡುವಾಗ ಜೇಬು ಹಗುರಾದದ್ದು ತಿಳಿಯುತ್ತದೆ, ಕ್ಯೂಆರ್ ಸ್ಕ್ಯಾನಿನಲ್ಲಿ ತಿಳಿಯುವುದಿಲ್ಲ. ಉದ್ರಿ ಬರೆಸುವುದಂತೂ ನಾಳಿನ ಕೈಖರ್ಚನ್ನು ಇಂದೇ ತಿಂದಂತೆ. ಅದಕ್ಕೆ ನನ್ನ ಸಲಹೆ: ತಿಂಗಳ ಮೊದಲ ದಿನ ಯುಪಿಐ ಲೈಟ್‌ಗೆ 300 ರೂಪಾಯಿ ತುಂಬಿ, ತಾನಾಗಿ ತುಂಬಿಕೊಳ್ಳುವ ಸೌಲಭ್ಯವನ್ನು ಬಂದ್ ಮಾಡಿ. ಆ ತಿಂಗಳ ಫಾಸ್ಟ್‌ಫುಡ್ ಅಷ್ಟೇ, ಆರು ಪ್ಲೇಟು. ಮೊದಲಿನ ಹವ್ಯಾಸಕ್ಕೂ ಇದಕ್ಕೂ ತಿಂಗಳಿಗೆ 500 ರೂಪಾಯಿ ವ್ಯತ್ಯಾಸ ಬೀಳುತ್ತದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಉಚಿತವಾಗಿ ಓಡಾಡುವ ವಿದ್ಯಾರ್ಥಿನಿಯರಿಗೆ ಬಸ್ಸಿನ ದುಡ್ಡೂ ಉಳಿದಿದೆ. ಅದು ಗಾಡಿಗೆ ಹೋಗುತ್ತಿದೆಯೋ ಅಂಚೆ ಕಚೇರಿಯ ಆರ್‌ಡಿಗೋ ಎಂದು ಒಮ್ಮೆ ನೋಡಿಕೊಳ್ಳಿ. ಪಾಲಕರಿಗೂ ಒಂದು ಮಾತು: ಮಗ ಗೋಬಿ ತಿಂದ ಎಂದು ಬೈಯುವ ಮೊದಲು ಬೆಳಿಗ್ಗೆ ಉಂಡು ಹೊರಟನೇ ಎಂದು ಕೇಳಿ. ಹಸಿದು ಹೊರಟವನಿಗೆ ಯಾವ ಬಜೆಟ್ಟೂ ನಿಲ್ಲುವುದಿಲ್ಲ. ಬುತ್ತಿಯ ಏರ್ಪಾಡು ಮೊದಲು ಆಗಲಿ. ಆಮೇಲಿನ ಆರು ಪ್ಲೇಟನ್ನು ನಿಶ್ಚಿಂತೆಯಿಂದ ತಿನ್ನಿ.