ಜಾಲತಾಣ ಯೋಜನೆಗೆ ಮುನ್ನ ಸಣ್ಣ ಉದ್ದಿಮೆಯ ಪೂರ್ವಸಿದ್ಧತೆ

ಕೃಷ್ಣರಾಜನಗರ, ಹುಣಸೂರು, ಪಿರಿಯಾಪಟ್ಟಣ ಹಾಗೂ ಹೆಗ್ಗಡದೇವನಕೋಟೆ ತಾಲ್ಲೂಕುಗಳ ಸಣ್ಣ ಉದ್ದಿಮೆದಾರರು ಸ್ವಂತ ಜಾಲತಾಣ ಹೊಂದಬಯಸುವುದು ಸ್ವಾಗತಾರ್ಹ. ಆದರೆ ವಿನ್ಯಾಸಕಾರರನ್ನು ಕರೆಸಿದೊಡನೆ ಬಣ್ಣ, ಚಿತ್ರಗಳ ಚರ್ಚೆ ಮೊದಲಾಗಿ, ಮುಖ್ಯ ವಿಷಯಗಳು ಹಿಂದೆ ಸರಿಯುತ್ತವೆ. ಅಂಗಡಿಯಲ್ಲಿ ಬಾಯಿಮಾತಿನಲ್ಲಿ ನಡೆಯುವ ಬೆಲೆ, ತೂಕ, ವಾಪಸಾತಿಯ ಷರತ್ತುಗಳೆಲ್ಲವೂ ಜಾಲತಾಣದಲ್ಲಿ ಲಿಖಿತ ವಾಗ್ದಾನವಾಗುತ್ತವೆ. ಆದಕಾರಣ ಉದ್ದೇಶ, ಲೆಕ್ಕ, ಹಕ್ಕು ಮತ್ತು ಹೊಣೆ ಎಂಬ ನಾಲ್ಕು ಅಂಶಗಳನ್ನು ಮೊದಲು ಕಾಗದದ ಮೇಲೆ ನಿಗದಿಪಡಿಸಿಕೊಂಡು, ಬಳಿಕ ಕೆಲಸ ವಹಿಸುವುದು ಕ್ಷೇಮಕರ. ಈ ಸಿದ್ಧತೆಯ ಕ್ರಮವನ್ನು ಸದಸ್ಯರ ಅವಗಾಹನೆಗಾಗಿ ಇಲ್ಲಿ ವಿವರಿಸಲಾಗಿದೆ.

1. ಉದ್ದೇಶದ ನಿರ್ಧಾರ

ಜಾಲತಾಣವು ಮಾರಾಟಕ್ಕೋ, ವಿಚಾರಣೆಗೋ ಅಥವಾ ಪರಿಚಯಕ್ಕೋ ಎಂಬುದು ಮೊದಲ ಪ್ರಶ್ನೆ. ಉತ್ತರವು ಸರಕಿನ ಸ್ವಭಾವವನ್ನು ಅವಲಂಬಿಸಿದೆ. ಕೃಷ್ಣರಾಜನಗರದ ಅಕ್ಕಿ ಗಿರಣಿಯೊಂದನ್ನು ಪರಿಗಣಿಸೋಣ. ಅಕ್ಕಿಯು ತೂಕದ ಸರಕು. ಹತ್ತು ಕಿಲೋ ಪೊಟ್ಟಣವನ್ನು ದೂರದ ಮನೆಗೆ ತಲುಪಿಸುವ ಸಾಗಾಣಿಕೆ ವೆಚ್ಚವೇ ಲಾಭವನ್ನು ನುಂಗಬಹುದು. ಅಂಥ ಗಿರಣಿಗೆ ಚಿಲ್ಲರೆ ಮಾರಾಟಕ್ಕಿಂತ ಹೋಟೆಲು, ವಿದ್ಯಾರ್ಥಿನಿಲಯ ಹಾಗೂ ಸಗಟು ವರ್ತಕರಿಂದ ವಿಚಾರಣೆ ಪಡೆಯುವ ಪುಟವೇ ಹೆಚ್ಚು ಉಪಯುಕ್ತ. ಪಿರಿಯಾಪಟ್ಟಣದ ಶುಂಠಿ ವ್ಯಾಪಾರಿಗೆ ದರವು ದಿನದಿನಕ್ಕೂ ಬದಲಾಗುವುದರಿಂದ, ನಿತ್ಯ ತಿದ್ದಲಾಗದ ದರಪಟ್ಟಿಯನ್ನು ಪ್ರಕಟಿಸುವುದು ವಿವಾದಕ್ಕೆ ಆಹ್ವಾನವಿತ್ತಂತೆ. ಹುಣಸೂರಿನ ಮರದ ಪೀಠೋಪಕರಣ ತಯಾರಕರಿಗೆ ಸ್ಪಷ್ಟ ಛಾಯಾಚಿತ್ರ ಮತ್ತು ಅಳತೆಗಳು ಮುಖ್ಯ. ಹೆಗ್ಗಡದೇವನಕೋಟೆಯಲ್ಲಿ ಪ್ರವಾಸಿಗರಿಗೆ ತಂಗುದಾಣ ನಡೆಸುವವರಿಗೆ ಕೊಠಡಿ ಖಾಲಿ ಇರುವ ದಿನಗಳ ಮಾಹಿತಿ ಮತ್ತು ರದ್ದತಿಯ ನಿಯಮಗಳು ಮುಖ್ಯ.

ಈ ಭಾಗದ ಪ್ರಮುಖ ಬೆಳೆಯಾದ ವರ್ಜೀನಿಯಾ ತಂಬಾಕಿನ ಮಾರಾಟವು ತಂಬಾಕು ಮಂಡಳಿಯ ಹರಾಜು ಕಟ್ಟೆಗಳಲ್ಲಿಯೇ ನಡೆಯತಕ್ಕದ್ದು. ಅಲ್ಲದೆ 2003ರ ಕೇಂದ್ರ ಅಧಿನಿಯಮವು ಸಿಗರೇಟು ಮತ್ತಿತರ ತಂಬಾಕು ಉತ್ಪನ್ನಗಳ ಜಾಹೀರಾತನ್ನು ನಿಷೇಧಿಸಿದೆ. ಈ ಸರಕಿಗೆ ಮಾರಾಟದ ಜಾಲತಾಣ ತಕ್ಕ ಸಾಧನವಲ್ಲ.

2. ವೆಚ್ಚದ ಅಂದಾಜು

ವಿನ್ಯಾಸದ ಶುಲ್ಕವನ್ನಷ್ಟೇ ವೆಚ್ಚವೆಂದು ಭಾವಿಸುವುದು ಸಾಮಾನ್ಯ. ವಾಸ್ತವದಲ್ಲಿ ಡೊಮೈನ್ ಹೆಸರಿನ ನವೀಕರಣ, ಹೋಸ್ಟಿಂಗ್, ನಿರ್ವಹಣೆ, ಛಾಯಾಚಿತ್ರ, ಪಾವತಿ ಸೇವೆಯ ಶುಲ್ಕ ಹಾಗೂ ಬಂದ ವಿಚಾರಣೆಗೆ ಉತ್ತರಿಸುವ ಸಿಬ್ಬಂದಿಯ ವೇಳೆ ಇವೆಲ್ಲವೂ ಸೇರುತ್ತವೆ. ಮೂರು ವರ್ಷಗಳ ಒಟ್ಟು ವೆಚ್ಚವನ್ನು ಲೆಕ್ಕ ಹಾಕಿ, ಮೂರರಿಂದ ಭಾಗಿಸಿ, ವಾರ್ಷಿಕ ಹೊರೆಯನ್ನು ತಿಳಿಯಬೇಕು.

ಉದಾಹರಣೆಗಾಗಿ ವಾರ್ಷಿಕ ಹೊರೆ 36,000 ರೂ. ಮತ್ತು ಸಾಗಾಣಿಕೆ ಕಳೆದು ಒಂದು ಪೊಟ್ಟಣಕ್ಕೆ ಉಳಿಯುವ ಲಾಭ 40 ರೂ. ಎಂದಿಟ್ಟುಕೊಳ್ಳೋಣ. ಆಗ ವೆಚ್ಚ ಸರಿದೂಗಲು ವರ್ಷಕ್ಕೆ 900, ಅಂದರೆ ತಿಂಗಳಿಗೆ 75 ಹೆಚ್ಚುವರಿ ಪೊಟ್ಟಣಗಳು ಮಾರಾಟವಾಗಬೇಕು. ಈ ಸಂಖ್ಯೆ ಸಾಧ್ಯವೆಂದು ತೋರದಿದ್ದಲ್ಲಿ ಯೋಜನೆಯ ಗಾತ್ರವನ್ನು ಕುಗ್ಗಿಸುವುದು ವಿವೇಕ.

ಗ್ರಾಹಕರು ಪಾವತಿಸಿದ ಹಣದಲ್ಲಿ ಪಾವತಿ ಸೇವಾ ಸಂಸ್ಥೆಯು ತನ್ನ ಶುಲ್ಕವನ್ನು ಮುರಿದುಕೊಂಡು ಉಳಿದದ್ದನ್ನು ಬ್ಯಾಂಕಿಗೆ ಜಮಾ ಮಾಡುವುದುಂಟು. ಬ್ಯಾಂಕಿಗೆ ಬಂದ ಮೊತ್ತವನ್ನೇ ಮಾರಾಟವೆಂದು ಬರೆಯಕೂಡದು. ಪೂರ್ಣ ಬೆಲೆಯನ್ನು ಮಾರಾಟಕ್ಕೂ, ಶುಲ್ಕವನ್ನು ಖರ್ಚಿಗೂ ಬರೆದು, ವಾರಕ್ಕೊಮ್ಮೆಯಾದರೂ ತಾಳೆ ನೋಡತಕ್ಕದ್ದು.

3. ಸರಕು ಮತ್ತು ಸೇವಾ ತೆರಿಗೆಯ ಪರಿಣಾಮ

ಇದು ಅತ್ಯಂತ ಎಚ್ಚರಿಕೆ ಬೇಡುವ ಘಟ್ಟ. ರಾಜ್ಯದೊಳಗೆ ಸರಕು ಮಾತ್ರ ಮಾರುವವರಿಗೆ ಕರ್ನಾಟಕದಲ್ಲಿ ಸಾಮಾನ್ಯವಾಗಿ ವಾರ್ಷಿಕ 40 ಲಕ್ಷ ರೂ. ವಹಿವಾಟಿನವರೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ಆದರೆ ತೆರಿಗೆಗೆ ಒಳಪಟ್ಟ ಸರಕನ್ನು ಹೊರರಾಜ್ಯಕ್ಕೆ ಮಾರಿದಲ್ಲಿ ಸಾಮಾನ್ಯವಾಗಿ ಈ ಮಿತಿಯ ರಕ್ಷಣೆ ದೊರೆಯದು. ರಾಜಿ ತೆರಿಗೆ ಪದ್ಧತಿಯಲ್ಲಿರುವ ವರ್ತಕರಂತೂ ಅಂತರರಾಜ್ಯ ಸರಕು ಮಾರಾಟವನ್ನೇ ಮಾಡುವಂತಿಲ್ಲ.

ಹೆಗ್ಗಡದೇವನಕೋಟೆಯ ಗಡಿ ದಾಟಿದರೆ ಕೇರಳದ ವಯನಾಡು. ಅಲ್ಲಿಂದ ಬಂದ ಒಂದು ಪುಟ್ಟ ಬೇಡಿಕೆಯನ್ನು ಪೂರೈಸಿದರೂ ವರ್ತಕರ ತೆರಿಗೆ ಸ್ಥಾನವೇ ಬದಲಾಗಬಹುದು. ಅಂಗಡಿಯ ಗ್ರಾಹಕರು ಎದುರಿಗೆ ನಿಂತಿರುತ್ತಾರೆ. ಜಾಲತಾಣಕ್ಕಾದರೋ ಎಲ್ಲ ರಾಜ್ಯಗಳಿಂದಲೂ ಬರುತ್ತಾರೆ. ಪರಿಹಾರ ಸರಳ. ಸರಕು ತಲುಪಿಸುವ ವ್ಯಾಪ್ತಿಯನ್ನು ಮೊದಲೇ ನಿರ್ಧರಿಸಿ, ಕರ್ನಾಟಕದ ಪಿನ್‌ಕೋಡ್‌ಗಳನ್ನು ಮಾತ್ರ ಸ್ವೀಕರಿಸುವಂತೆ ವಿನ್ಯಾಸಕಾರರಿಗೆ ಲಿಖಿತ ಸೂಚನೆ ಕೊಡಬೇಕು. ಇಲ್ಲವೇ ಪ್ರಾರಂಭಕ್ಕೆ ಮುನ್ನವೇ ಸಾಮಾನ್ಯ ನೋಂದಣಿಗೆ ಬರಬೇಕು. ಅಕ್ಕಿಯ ವರ್ತಕರು ಇನ್ನೊಂದು ಅಂಶವನ್ನೂ ಗಮನಿಸತಕ್ಕದ್ದು: 2022ರ ಜುಲೈ 18ರಿಂದ 25 ಕಿಲೋವರೆಗಿನ, ಮೊದಲೇ ಕಟ್ಟಿ ಲೇಬಲ್ ಹಚ್ಚಿದ ಅಕ್ಕಿ ಪೊಟ್ಟಣಗಳು ತೆರಿಗೆಯ ವ್ಯಾಪ್ತಿಗೆ ಬಂದಿವೆ.

4. ಪ್ರಕಟಿಸಬೇಕಾದ ವಿವರಗಳು

2020ರ ಗ್ರಾಹಕ ಸಂರಕ್ಷಣಾ ಇ-ವಾಣಿಜ್ಯ ನಿಯಮಗಳನ್ವಯ ಉದ್ದಿಮೆಯ ಕಾನೂನುಬದ್ಧ ಹೆಸರು, ವಿಳಾಸ, ಸಂಪರ್ಕ ವಿವರ ಹಾಗೂ ದೂರು ಪರಿಹಾರ ಅಧಿಕಾರಿಯ ಹೆಸರನ್ನು ಪ್ರಕಟಿಸಬೇಕು. ದೂರು ಬಂದ 48 ಗಂಟೆಗಳೊಳಗೆ ಸ್ವೀಕೃತಿ ನೀಡಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಪೊಟ್ಟಣದ ಸರಕಿಗೆ ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ತಯಾರಕರ ಹೆಸರು ಮೊದಲಾದ ವಿವರಗಳನ್ನು ಕಾನೂನು ಮಾಪನ ನಿಯಮಗಳ ಪ್ರಕಾರ ಪರದೆಯ ಮೇಲೂ ತೋರಿಸಬೇಕು. ಆಹಾರ ಪದಾರ್ಥಗಳಿಗೆ ಎಫ್‌ಎಸ್‌ಎಸ್‌ಎಐನ 14 ಅಂಕಿಗಳ ಸಂಖ್ಯೆಯೂ ಅವಶ್ಯ. ಈ ಕಾಗದಪತ್ರಗಳನ್ನು ಒಂದೇ ಕಡತದಲ್ಲಿ ಜೋಡಿಸಿಟ್ಟುಕೊಂಡರೆ ಯೋಜನೆಯ ಅರ್ಧ ವಿಳಂಬ ತಪ್ಪುತ್ತದೆ.

5. ಹೆಸರು ಮತ್ತು ಹಕ್ಕುಸ್ವಾಮ್ಯ

ಡೊಮೈನ್ ಹೆಸರು ಕೇವಲ ವಿಳಾಸವಲ್ಲ, ವ್ಯಾಪಾರದ ಸ್ವತ್ತು. ಸತ್ಯಂ ಇನ್ಫೋವೇ ಸಂಸ್ಥೆಯು 1999ರಲ್ಲಿ 'ಸಿಫಿ' ಪದವುಳ್ಳ ಡೊಮೈನ್ ಹೆಸರುಗಳನ್ನು ನೋಂದಾಯಿಸಿತ್ತು. ಅದನ್ನೇ ಹೋಲುವ ಹೆಸರನ್ನು ಸಿಫಿನೆಟ್ ಸಲ್ಯೂಷನ್ಸ್ ಎಂಬ ಸಂಸ್ಥೆ ಬಳಸತೊಡಗಿದಾಗ ವ್ಯಾಜ್ಯವು ಬೆಂಗಳೂರಿನ ಸಿಟಿ ಸಿವಿಲ್ ನ್ಯಾಯಾಲಯದಲ್ಲಿ ಆರಂಭವಾಯಿತು. ಅಲ್ಲಿ ದೊರೆತ ತಡೆಯಾಜ್ಞೆಯನ್ನು ಕರ್ನಾಟಕ ಉಚ್ಚ ನ್ಯಾಯಾಲಯ ತೆರವುಗೊಳಿಸಿತು. 2004ರಲ್ಲಿ ಸರ್ವೋಚ್ಚ ನ್ಯಾಯಾಲಯವು ಡೊಮೈನ್ ಹೆಸರಿಗೂ ವ್ಯಾಪಾರ ಮುದ್ರೆಯಂತೆಯೇ ರಕ್ಷಣೆಯುಂಟೆಂದು ತೀರ್ಪಿತ್ತು, ಸತ್ಯಂ ಸಂಸ್ಥೆಯ ಪರ ತಡೆಯಾಜ್ಞೆಯನ್ನು ಎತ್ತಿಹಿಡಿಯಿತು.

ಇಂಥ ಸ್ವತ್ತನ್ನು ವಿನ್ಯಾಸಕಾರರು ತಮ್ಮ ಹೆಸರಿನಲ್ಲಿಯೇ ನೋಂದಾಯಿಸಿಕೊಂಡರೆ, ಮುಂದೆ ಮನಸ್ತಾಪ ಬಂದಾಗ ವರ್ತಕರು ತಮ್ಮದೇ ಹೆಸರಿಗಾಗಿ ಅಂಗಲಾಚಬೇಕಾದೀತು. ಆದ್ದರಿಂದ ನೋಂದಣಿ, ಇ-ಮೇಲ್ ಮತ್ತು ಗುಪ್ತಪದಗಳು ಮಾಲೀಕರ ಅಥವಾ ಸಂಸ್ಥೆಯ ಹೆಸರಿನಲ್ಲಿಯೇ ಇರತಕ್ಕದ್ದು.

ಹಣ ಕೊಟ್ಟ ಮಾತ್ರಕ್ಕೆ ವಿನ್ಯಾಸ ಮತ್ತು ತಂತ್ರಾಂಶದ ಹಕ್ಕು ನಮ್ಮದಾಗುವುದಿಲ್ಲ. 1957ರ ಕೃತಿಸ್ವಾಮ್ಯ ಅಧಿನಿಯಮದಂತೆ ಹಕ್ಕಿನ ವರ್ಗಾವಣೆ ಲಿಖಿತವಾಗಿ, ಸಹಿಯೊಡನೆ ಆಗಬೇಕು. ಅವಧಿ ನಮೂದಿಸದಿದ್ದಲ್ಲಿ ಐದು ವರ್ಷವೆಂದೂ, ಪ್ರದೇಶ ನಮೂದಿಸದಿದ್ದಲ್ಲಿ ಭಾರತವೆಂದೂ ಪರಿಗಣಿಸಲಾಗುತ್ತದೆ. ಕರಾರಿನಲ್ಲಿ ಇವೆರಡನ್ನೂ ಸ್ಪಷ್ಟವಾಗಿ ಬರೆಸಿಕೊಳ್ಳಬೇಕು. ಅಂತಿಮ ಕಂತನ್ನು ಎಲ್ಲ ಕಡತಗಳೂ ಕೈಸೇರಿದ ಮೇಲೆಯೇ ಪಾವತಿಸಬೇಕು.

6. ಕನ್ನಡ ಪಠ್ಯ ಮತ್ತು ನಿತ್ಯದ ಹೊಣೆ

ನಮ್ಮ ಮುದ್ರಣಾಲಯಗಳಲ್ಲಿ ಸಿದ್ಧವಾದ ಕರಪತ್ರಗಳ ಪಠ್ಯವು ಅನೇಕ ವೇಳೆ ನುಡಿ ಅಥವಾ ಬರಹದ ಹಳೆಯ ಆಸ್ಕಿ ಅಕ್ಷರಗಳಲ್ಲಿರುತ್ತದೆ. ಅದನ್ನು ಹಾಗೆಯೇ ಜಾಲತಾಣಕ್ಕೆ ಏರಿಸಿದರೆ ಅರ್ಥವಿಲ್ಲದ ಚಿಹ್ನೆಗಳು ಕಾಣಿಸಿಕೊಳ್ಳುತ್ತವೆ, ಹುಡುಕುವವರಿಗೂ ಸಿಗುವುದಿಲ್ಲ. ಯುನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಕಣ್ಣಾರೆ ಪರಿಶೀಲಿಸಿಯೇ ಒಪ್ಪಿಸಬೇಕು. ಬೆಲೆ ತಿದ್ದುವವರು, ವಿಚಾರಣೆಗೆ ಉತ್ತರಿಸುವವರು, ನವೀಕರಣದ ದಿನಾಂಕ ನೆನಪಿಡುವವರು ಯಾರೆಂಬುದನ್ನು ಹೆಸರಿಟ್ಟು ನಿಗದಿಪಡಿಸಬೇಕು.

ಸಾರಾಂಶವಾಗಿ, ವಿನ್ಯಾಸಕಾರರನ್ನು ಭೇಟಿಯಾಗುವ ಮುನ್ನ ಉದ್ದೇಶದ ಒಂದು ವಾಕ್ಯ, ಮೂರು ವರ್ಷಗಳ ವೆಚ್ಚಪಟ್ಟಿ, ಸರಕಿನ ಪೂರ್ಣ ವಿವರ, ಮಾರಾಟದ ವ್ಯಾಪ್ತಿ, ಪರವಾನಗಿಗಳ ಕಡತ ಹಾಗೂ ಕರಾರಿನ ಕರಡು ಸಿದ್ಧವಿರಲಿ. ತೆರಿಗೆಯ ಅಂಶಗಳನ್ನು ತಮ್ಮ ಲೆಕ್ಕಪರಿಶೋಧಕರೊಡನೆ ಸಮಾಲೋಚಿಸಿ ಖಚಿತಪಡಿಸಿಕೊಳ್ಳುವುದು ಸೂಕ್ತ. ಈ ಆರೂ ಕೈಯಲ್ಲಿದ್ದ ವರ್ತಕರಿಗೆ ತಾವು ಹಣ ಕೊಡುತ್ತಿರುವುದು ಯಾವುದಕ್ಕೆಂಬುದು ತಿಳಿದಿರುತ್ತದೆ. ವಿನ್ಯಾಸಕಾರರಿಗೂ ತಾವು ಮಾಡಿಕೊಡಬೇಕಾದುದು ಏನೆಂಬುದು ಸ್ಪಷ್ಟವಿರುತ್ತದೆ.