ಹಿಮದ ಮೇಲಿನ ಬಂಡಿ ಮತ್ತು ಅದರ ಮೊಳೆಗಳು

ಕೆನಡಾ ದೇಶದ ಕ್ವಿಬೆಕ್ ಪ್ರಾಂತದಲ್ಲಿ ವಾಲ್ಕೂರ್ ಎಂಬ ಸಣ್ಣ ಊರೊಂದಿದೆ. ೧೯೩೪ರ ಜನವರಿಯಲ್ಲಿ ಅಲ್ಲಿನ ಯಂತ್ರಕುಶಲಿ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯೆಯ ಎರಡು ವರ್ಷದ ಮಗುವಿಗೆ ಕರುಳಿನ ಬೇನೆ ಬಂದಿತು. ಶಸ್ತ್ರಚಿಕಿತ್ಸೆಯಾದರೆ ಮಾತ್ರ ಮಗು ಉಳಿಯಬಹುದಾಗಿತ್ತು. ಆದರೆ ದಾರಿಗಳೆಲ್ಲ ಹಿಮದಲ್ಲಿ ಹೂತುಹೋಗಿದ್ದವು. ಮೋಟಾರು ಬಂಡಿ ಆಸ್ಪತ್ರೆಯವರೆಗೆ ಹೋಗುವಂತಿರಲಿಲ್ಲ. ಮಗು ತೀರಿಕೊಂಡಿತು. ಹುಡುಗನಾಗಿದ್ದಾಗಲೇ, ೧೯೨೨ರಲ್ಲಿ, ಹಿಮದ ಮೇಲೆ ಓಡುವ ಬಂಡಿಯೊಂದನ್ನು ಕಟ್ಟಿ ನೋಡಿದ್ದ ಆ ತಂದೆ, ಈ ದುಃಖದ ಬಳಿಕ ತನ್ನ ಪ್ರಯೋಗಗಳನ್ನು ಇನ್ನಷ್ಟು ಛಲದಿಂದ ಮುಂದುವರಿಸಿದನು. ಹಲ್ಲುಚಕ್ರದಿಂದ ತಿರುಗುವ ರಬ್ಬರಿನ ಪಟ್ಟೆಯ ಏರ್ಪಾಡಿಗೆ ೧೯೩೭ರಲ್ಲಿ ಅವನಿಗೆ ಹಕ್ಕುಪತ್ರ ದೊರೆಯಿತು. ೧೯೫೯ರಲ್ಲಿ ‘ಸ್ಕೀ-ಡೂ’ ಎಂಬ ಹಗುರವಾದ ಪುಟ್ಟ ವಾಹನ ಮಾರುಕಟ್ಟೆಗೆ ಬಂದಿತು. ಇಂದು ನಾವು ಸ್ನೋಮೊಬೈಲ್ ಎಂದು ಕರೆಯುವ ವಾಹನಗಳಿಗೆ ಇದೇ ಮಾದರಿಯಾಯಿತು.

ಪ್ರಾಣ ಉಳಿಸುವುದಕ್ಕಾಗಿ ಹುಟ್ಟಿದ ಈ ವಾಹನ ನಿರ್ಜನವಾದ ಹಿಮಪ್ರದೇಶದಲ್ಲಿ ಕೆಟ್ಟು ನಿಂತರೆ ಪ್ರಾಣವನ್ನು ತೆಗೆಯಲೂಬಹುದು. ಅದು ಜಾರದಿರಲೆಂದು ಪಟ್ಟೆಗೆ ಬಡಿಯುವ ಮೊಳೆಗಳೂ ಹೀಗೆಯೇ ಎರಡು ಅಲಗಿನ ಕತ್ತಿ. ಇವೆರಡರ ಹಿಂದಿರುವ ಭೌತಶಾಸ್ತ್ರವನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಪ್ರೌಢಶಾಲೆಯಲ್ಲಿ ಕಲಿತ ಒತ್ತಡ, ಘರ್ಷಣೆ, ವೃತ್ತಚಲನೆಗಳ ನಿಯಮಗಳಿಗಿಂತ ಹೆಚ್ಚಿನ ಸಾಮಗ್ರಿ ನಮಗೆ ಬೇಕಾಗದು.

ಹೂತುಹೋಗದಿರುವ ಗುಟ್ಟು

ಸ್ನೋಮೊಬೈಲಿನ ಮುಂದೆ ಎರಡು ಜಾರುಹಲಗೆಗಳಿವೆ. ಹಿಡಿಯನ್ನು ತಿರುಗಿಸಿದಾಗ ಇವು ತಿರುಗಿ ವಾಹನಕ್ಕೆ ದಿಕ್ಕು ಕೊಡುತ್ತವೆ. ಹಿಂದೆ ಅಗಲವಾದ ರಬ್ಬರಿನ ಪಟ್ಟೆಯೊಂದು ಕೊನೆಯಿಲ್ಲದ ಮಾಲೆಯಂತೆ ಸುತ್ತುತ್ತ ವಾಹನವನ್ನು ಮುಂದಕ್ಕೆ ನೂಕುತ್ತದೆ. ವಾಹನ ಮತ್ತು ಸವಾರ ಇಬ್ಬರೂ ಸೇರಿ ೩೨೫ ಕಿಲೋಗ್ರಾಂ ತೂಗುವರೆಂದೂ, ಪಟ್ಟೆ ಮತ್ತು ಹಲಗೆಗಳು ಹಿಮವನ್ನು ಮುಟ್ಟುವ ವಿಸ್ತೀರ್ಣ ೬೦೦೦ ಚದರ ಸೆಂಟಿಮೀಟರೆಂದೂ ಎಣಿಸೋಣ. ಆಗ ಒಂದು ಚದರ ಸೆಂಟಿಮೀಟರಿನ ಮೇಲೆ ಬೀಳುವ ಭಾರ ಸುಮಾರು ೫೪ ಗ್ರಾಂ ಮಾತ್ರ. ೭೫ ಕಿಲೋಗ್ರಾಂ ತೂಗುವ ಮನುಷ್ಯನು ೨೦೦ ಚದರ ಸೆಂಟಿಮೀಟರಿನ ಒಂದೇ ಪಾದದ ಮೇಲೆ ಭಾರ ಬಿಟ್ಟರೆ ಅದೇ ಅಳತೆಯ ಜಾಗದ ಮೇಲೆ ೩೭೫ ಗ್ರಾಂ ಬೀಳುತ್ತದೆ. ಬಂಡಿಗಿಂತ ಮನುಷ್ಯನ ಪಾದವೇ ಏಳು ಪಟ್ಟು ಬಲವಾಗಿ ಹಿಮವನ್ನು ಒತ್ತುತ್ತದೆ!

ಈ ಲೆಕ್ಕದಿಂದ ಎರಡು ವಿಷಯಗಳು ತಿಳಿಯುತ್ತವೆ. ಬಂಡಿ ಹಿಮದ ಮೇಲೆ ತೇಲಿದಂತೆ ಓಡಬಲ್ಲದು ಎಂಬುದು ಮೊದಲನೆಯದು. ಎರಡನೆಯದನ್ನು ಜನರು ಸಾಮಾನ್ಯವಾಗಿ ಮರೆಯುತ್ತಾರೆ: ಬಂಡಿ ಒಂದು ಗಂಟೆಯಲ್ಲಿ ಕ್ರಮಿಸಿದ ದಾರಿಯನ್ನು, ಅದು ಕೆಟ್ಟರೆ, ಸವಾರನು ತೊಡೆಯವರೆಗೆ ಹೂತುಕೊಳ್ಳುತ್ತ ನಡೆದು ಮುಗಿಸಬೇಕಾಗುತ್ತದೆ. ಆದ್ದರಿಂದಲೇ ಈ ವಾಹನದ ವಿಶ್ವಾಸಾರ್ಹತೆ ಬರಿಯ ಅನುಕೂಲದ ಪ್ರಶ್ನೆಯಲ್ಲ.

ಚಳಿಯಲ್ಲಿ ಎಂಜಿನ್ನಿನ ಹಠ

ಬಹುಕಾಲ ಈ ವಾಹನಗಳಲ್ಲಿ ಇದ್ದುದು ಎರಡು ಹೊಡೆತದ, ಅಂದರೆ ಟೂ-ಸ್ಟ್ರೋಕ್ ಎಂಜಿನ್ನು. ಅದು ಹಗುರ, ಅದರ ರಚನೆ ಸರಳ, ತೂಕಕ್ಕೆ ಹೋಲಿಸಿದರೆ ಅದು ಕೊಡುವ ಶಕ್ತಿಯೂ ಹೆಚ್ಚು. ಆದರೆ ಅದರ ಒಳಭಾಗಗಳಿಗೆ ಜಿಡ್ಡು ದೊರೆಯುವುದು ಪೆಟ್ರೋಲಿನೊಂದಿಗೆ ಸಾಗುವ ಎಣ್ಣೆಯಿಂದ. ಇಲ್ಲಿ ತಾಪಮಾನದ ಪ್ರಭಾವವನ್ನು ಗಮನಿಸಬೇಕು. ಒತ್ತಡ ಬದಲಾಗದಿದ್ದರೆ ಗಾಳಿಯ ಸಾಂದ್ರತೆ ನಿರಪೇಕ್ಷ ತಾಪಕ್ಕೆ ವಿಲೋಮಾನುಪಾತದಲ್ಲಿರುತ್ತದೆ. ಸೊನ್ನೆ ಡಿಗ್ರಿ ಸೆಲ್ಸಿಯಸ್ ಎಂದರೆ ನಿರಪೇಕ್ಷಮಾನದಲ್ಲಿ ೨೭೩. ಸೊನ್ನೆಗಿಂತ ೩೦ ಡಿಗ್ರಿ ಕೆಳಗೆ ಎಂದರೆ ೨೪೩. ೨೭೩ನ್ನು ೨೪೩ರಿಂದ ಭಾಗಿಸಿದರೆ ೧.೧೨ ಬರುತ್ತದೆ. ಎಂದರೆ ಅಂಥ ಚಳಿಯಲ್ಲಿ ಎಂಜಿನ್ನು ಸೇದಿಕೊಳ್ಳುವ ಗಾಳಿ ನೂರಕ್ಕೆ ಹನ್ನೆರಡರಷ್ಟು ದಟ್ಟವಾಗಿರುತ್ತದೆ. ಸೊನ್ನೆ ಡಿಗ್ರಿಗೆ ಹೊಂದಿಸಿದ ಕಾರ್ಬುರೇಟರು ಈ ಹೆಚ್ಚಿನ ಗಾಳಿಗೆ ತಕ್ಕಷ್ಟು ಪೆಟ್ರೋಲನ್ನು ಒದಗಿಸಲಾರದು. ಪೆಟ್ರೋಲು ಸಾಲದ ಮಿಶ್ರಣ ಅತಿಯಾಗಿ ಬಿಸಿಯಾಗುತ್ತದೆ. ಎಣ್ಣೆಯನ್ನು ಪೆಟ್ರೋಲಿಗೇ ಬೆರೆಸುವ ಎಂಜಿನ್ನಿನಲ್ಲಿ, ಗಾಳಿಯ ಪಾಲು ಹೆಚ್ಚಿದಷ್ಟೂ ಜಿಡ್ಡಿನ ಪಾಲೂ ಕಡಿಮೆಯಾಗುತ್ತದೆ. ಇದರ ಫಲವಾಗಿ ಪಿಸ್ಟನ್ನಿನ ತಲೆ ಸುಟ್ಟು ತೂತಾಗುವುದುಂಟು.

ಇನ್ನೊಂದು ತೊಂದರೆ ಉಷ್ಣವ್ಯಾಕೋಚನದ್ದು. ಎಂಜಿನ್ನನ್ನು ನಡೆಸಿದೊಡನೆ ಮೊದಲು ಕಾಯುವುದು ಪಿಸ್ಟನ್ನು. ಅದರ ಸುತ್ತಲಿನ ಸಿಲಿಂಡರು ಇನ್ನೂ ತಣ್ಣಗೇ ಇರುತ್ತದೆ. ಅಲ್ಯುಮಿನಿಯಮ್ ಪ್ರತಿ ಡಿಗ್ರಿಗೆ ತನ್ನ ಅಳತೆಯ ದಶಲಕ್ಷದಲ್ಲಿ ಸುಮಾರು ೨೩ ಭಾಗದಷ್ಟು ಹಿಗ್ಗುತ್ತದೆ. ೭೦ ಮಿಲಿಮೀಟರು ವ್ಯಾಸದ ಪಿಸ್ಟನ್ನು ಸಿಲಿಂಡರಿಗಿಂತ ೧೦೦ ಡಿಗ್ರಿ ಮುಂದಾಗಿ ಕಾದರೆ ಅದರ ವ್ಯಾಸ ೦.೧೬ ಮಿಲಿಮೀಟರಿನಷ್ಟು ಹೆಚ್ಚುತ್ತದೆ. ಪಿಸ್ಟನ್ನಿಗೂ ಸಿಲಿಂಡರಿಗೂ ನಡುವಣ ತೆರಪು ಒಂದು ಕೂದಲಿನ ದಪ್ಪದಷ್ಟು ಮಾತ್ರ. ಹಿಗ್ಗಿದ ಪಿಸ್ಟನ್ನು ಸಿಲಿಂಡರಿನ ಗೋಡೆಗೆ ಕಚ್ಚಿಕೊಂಡರೆ ಎಂಜಿನ್ನು ತಟ್ಟನೆ ನಿಂತುಬಿಡುತ್ತದೆ. ಎಂಜಿನ್ನನ್ನು ಮೊದಲ ಕೆಲವು ನಿಮಿಷ ನಿಧಾನವಾಗಿ ನಡೆಸಿ ಕಾಯಿಸಬೇಕೆಂದು ಅನುಭವಿಗಳು ಹೇಳುವುದು ಈ ಕಾರಣದಿಂದಲೇ. ಅದು ಒಣ ಶಿಷ್ಟಾಚಾರವಲ್ಲ.

ಚಳಿಯ ಉಪದ್ರವ ಇಷ್ಟಕ್ಕೇ ಮುಗಿಯದು. ರಬ್ಬರು ಬಿರುಸಾಗುತ್ತದೆ, ಎಂಜಿನ್ನಿನ ಶಕ್ತಿಯನ್ನು ಪಟ್ಟೆಗೆ ಸಾಗಿಸುವ ಬೆಲ್ಟು ಬಿರುಕು ಬಿಡಬಹುದು. ಬ್ಯಾಟರಿಯೊಳಗಣ ರಾಸಾಯನಿಕ ಕ್ರಿಯೆ ಮಂದವಾಗಿ ಅದರ ಶಕ್ತಿ ಕುಗ್ಗುತ್ತದೆ. ಪೆಟ್ರೋಲಿನಲ್ಲಿ ಸೇರಿದ ನೀರಿನ ಹನಿ ಹೆಪ್ಪುಗಟ್ಟಿ ಕೊಳವೆಯನ್ನು ಮುಚ್ಚುತ್ತದೆ. ಇಂದಿನ ಎಂಜಿನ್ನುಗಳಲ್ಲಿ ವಿದ್ಯುನ್ಮಾನ ಸಾಧನಗಳು ಗಾಳಿಯ ತಾಪ ಮತ್ತು ಒತ್ತಡಗಳನ್ನು ಅಳೆದು ಅದಕ್ಕೆ ತಕ್ಕಷ್ಟು ಪೆಟ್ರೋಲನ್ನು ಚಿಮ್ಮಿಸುವುದರಿಂದ ಮಿಶ್ರಣದ ತೊಂದರೆ ಬಹುಮಟ್ಟಿಗೆ ನೀಗಿದೆ. ಆದರೆ ಲೋಹ ಹಿಗ್ಗುವುದನ್ನೂ ನೀರು ಹೆಪ್ಪುಗಟ್ಟುವುದನ್ನೂ ಯಾವ ಸಾಧನವೂ ತಡೆಯಲಾರದು.

ನಮ್ಮ ದೇಶಕ್ಕೂ ಈ ವಾಹನ ಅಪರಿಚಿತವಲ್ಲ. ಗುಲ್ಮಾರ್ಗಿನಲ್ಲಿ ಪ್ರವಾಸಿಗಳೂ ಸಿಯಾಚಿನ್ ಹಿಮನದಿಯಲ್ಲಿ ನಮ್ಮ ಸೈನಿಕರೂ ಇದನ್ನು ಬಳಸುತ್ತಾರೆ. ಐದೂವರೆ ಸಾವಿರ ಮೀಟರು ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟೇ ಇರುವುದರಿಂದ ಅಲ್ಲಿ ತೊಂದರೆ ತಿರುಗುಮುರುಗಾಗುತ್ತದೆ. ಗಾಳಿ ಸಾಲದೆ ಎಂಜಿನ್ನು ಏದುಸಿರು ಬಿಡುತ್ತದೆ.

ಮಂಜುಗಡ್ಡೆ ಏಕೆ ಜಾರುತ್ತದೆ?

ಮೆತ್ತನೆಯ ಹಿಮದಲ್ಲಿ ಪಟ್ಟೆಯ ರಬ್ಬರು ಹಲ್ಲುಗಳು ಹಿಮವನ್ನು ಅಗೆದು ಹಿಡಿತ ಪಡೆಯುತ್ತವೆ. ಹೆಪ್ಪುಗಟ್ಟಿದ ಸರೋವರದ ಗಡ್ಡೆಯ ಮೇಲೆ ಈ ಉಪಾಯ ಸಾಗದು. ಮೇಲಿನ ಭಾರದ ಒತ್ತಡದಿಂದ ಗಡ್ಡೆ ಕರಗಿ ಜಾರುತ್ತದೆ ಎಂಬ ವಿವರಣೆಯನ್ನು ಹಳೆಯ ಪಠ್ಯಪುಸ್ತಕಗಳಲ್ಲಿ ಕಾಣಬಹುದು. ಲೆಕ್ಕ ಹಾಕಿದರೆ ಇದು ಸಾಲದೆಂದು ತಿಳಿಯುತ್ತದೆ. ಒಂದು ವಾಯುಭಾರದಷ್ಟು ಒತ್ತಡ ಹೆಚ್ಚಿದಾಗ ಗಡ್ಡೆಯ ಕರಗುವ ತಾಪ ಇಳಿಯುವುದು ಒಂದು ಡಿಗ್ರಿಯ ಸಾವಿರದಲ್ಲಿ ಏಳು ಭಾಗದಷ್ಟು ಮಾತ್ರ. ಸ್ನೋಮೊಬೈಲಿನ ಪಟ್ಟೆ ಹೇರುವ ಒತ್ತಡವಾದರೋ ಒಂದು ವಾಯುಭಾರದ ಹತ್ತರಲ್ಲೊಂದು ಪಾಲೂ ಇಲ್ಲ. ಗಡ್ಡೆಯ ಮೇಲ್ಮೈಯಲ್ಲಿ ದ್ರವದಂಥ ತೆಳುಪೊರೆ ಸಹಜವಾಗಿಯೇ ಇರಬೇಕೆಂದು ಮೈಕೇಲ್ ಫ್ಯಾರಡೆ ೧೮೫೦ರಲ್ಲಿಯೇ ಸೂಚಿಸಿದ್ದನು. ಘರ್ಷಣೆಯಿಂದ ಹುಟ್ಟುವ ಶಾಖ ಗಡ್ಡೆಯನ್ನು ಕರಗಿಸುತ್ತದೆಂದು ೧೯೩೯ರಲ್ಲಿ ಬೌಡನ್ ಮತ್ತು ಹ್ಯೂಸ್ ಪ್ರಯೋಗಗಳಿಂದ ತೋರಿಸಿದರು. ಈ ಎರಡು ಕಾರಣಗಳೂ ಕೂಡಿ ರಬ್ಬರಿಗೂ ಗಡ್ಡೆಗೂ ನಡುವೆ ಘರ್ಷಣೆಯನ್ನು ತಗ್ಗಿಸುತ್ತವೆ.

ಘರ್ಷಣ ಗುಣಾಂಕ ೦.೧ ಎಂದಿಟ್ಟುಕೊಳ್ಳೋಣ. ಗಂಟೆಗೆ ೬೦ ಕಿಲೋಮೀಟರು ವೇಗದಲ್ಲಿ, ಎಂದರೆ ಸೆಕೆಂಡಿಗೆ ೧೬.೭ ಮೀಟರಿನಂತೆ ಹೋಗುತ್ತಿರುವ ಬಂಡಿಗೆ ತಡೆ ಹಾಕಿದರೆ ಅದು ಎಷ್ಟು ದೂರದಲ್ಲಿ ನಿಂತೀತು? ವೇಗದ ವರ್ಗವನ್ನು, ಘರ್ಷಣ ಗುಣಾಂಕ ಮತ್ತು ಗುರುತ್ವ ವೇಗೋತ್ಕರ್ಷಗಳ ಗುಣಲಬ್ಧದ ಎರಡರಷ್ಟರಿಂದ ಭಾಗಿಸಿದರೆ ಉತ್ತರ ಸುಮಾರು ೧೪೨ ಮೀಟರು. ಬಂಡಿಯ ದೀಪ ೬೦ ಮೀಟರು ದೂರದವರೆಗೆ ಬೆಳಗುವುದಾದರೆ, ರಾತ್ರಿಯ ವೇಳೆ ಸವಾರನ ಕಣ್ಣಿಗೆ ಬಿದ್ದ ಅಡ್ಡಿ ಅವನು ನಿಲ್ಲುವ ಮೊದಲೇ ಅವನಿಗೆ ತಾಗಿರುತ್ತದೆ.

ಮೊಳೆಗಳ ಉಪಕಾರ

ಬಿರುಸು ನೆಲದಲ್ಲಿ ನಡೆಯುವ ಎತ್ತಿಗೆ ಲಾಳ ಕಟ್ಟುವಂತೆ, ಗಡ್ಡೆಯ ಮೇಲೆ ಓಡುವ ಬಂಡಿಯ ಪಟ್ಟೆಗೆ ಮೊಳೆ ಹಾಕುವ ಪದ್ಧತಿ ಬಂದಿತು. ಪಟ್ಟೆಯಲ್ಲಿ ತೂತು ಕೊರೆದು, ಟಂಗ್‌ಸ್ಟನ್ ಕಾರ್ಬೈಡಿನ ಗಟ್ಟಿ ತುದಿಯುಳ್ಳ ಮೊಳೆಯನ್ನು ಒಳಗಿನಿಂದ ತೂರಿಸಿ, ಹೊರಗಡೆ ಬಿಲ್ಲೆ ಇಟ್ಟು ನಟ್ಟಿನಿಂದ ಬಿಗಿಯುತ್ತಾರೆ. ಒಂದು ಪಟ್ಟೆಗೆ ನೂರಕ್ಕೂ ಹೆಚ್ಚು ಮೊಳೆಗಳಿರುವುದು ಸಾಮಾನ್ಯ. ನೆಲ ಮುಟ್ಟಿರುವ ೪೦ ಮೊಳೆಗಳು ೨೦೦ ಕಿಲೋಗ್ರಾಂ ಭಾರ ಹೊತ್ತರೆ ಒಂದೊಂದರ ಪಾಲಿಗೆ ೫ ಕಿಲೋಗ್ರಾಂ. ಅದರ ತುದಿಯ ವಿಸ್ತೀರ್ಣ ೨ ಚದರ ಮಿಲಿಮೀಟರಾದರೆ ಅಲ್ಲಿನ ಒತ್ತಡ ಚದರ ಸೆಂಟಿಮೀಟರಿಗೆ ೨೫೦ ಕಿಲೋಗ್ರಾಂ ಆಗುತ್ತದೆ. ಇದನ್ನು ತಾಳಲಾರದೆ ಗಡ್ಡೆ ಪುಡಿಯಾಗಿ ಮೊಳೆ ಒಳಹೊಗುತ್ತದೆ. ವಿಸ್ತೀರ್ಣ ಹಿಗ್ಗಿಸಿ ಹಿಮದ ಮೇಲೆ ತೇಲಿದ ಬಂಡಿ, ವಿಸ್ತೀರ್ಣ ಕುಗ್ಗಿಸಿ ಗಡ್ಡೆಯನ್ನು ಕಚ್ಚಿ ಹಿಡಿಯಿತು. ಈ ಹಿಡಿತದಿಂದ ತಡೆಯುವ ಬಲ ಇಮ್ಮಡಿಯಾದರೆ ೧೪೨ ಮೀಟರಿನ ದೂರ ೭೧ ಮೀಟರಿಗೆ ಇಳಿಯುತ್ತದೆ.

ಮೊಳೆಗಳ ಅಪಾಯ

ಆದರೆ ಇದೇ ಲೆಕ್ಕದಲ್ಲಿ ಮೊದಲನೆಯ ಅಪಾಯವೂ ಅಡಗಿದೆ. ಸಾಲಾಗಿ ಸಾಗುವ ಬಂಡಿಗಳಲ್ಲಿ ಮುಂದಿನದಕ್ಕೆ ಮೊಳೆಗಳಿದ್ದು ಹಿಂದಿನದಕ್ಕೆ ಇಲ್ಲದಿದ್ದರೆ, ಮುಂದಿನವನು ೭೧ ಮೀಟರಿನಲ್ಲಿ ನಿಂತರೆ ಹಿಂದಿನವನಿಗೆ ನಿಲ್ಲಲು ಅದಕ್ಕಿಂತ ೭೧ ಮೀಟರು ಹೆಚ್ಚು ಬೇಕಾಗುತ್ತದೆ. ಒಬ್ಬನ ರಕ್ಷೆ ಇನ್ನೊಬ್ಬನಿಗೆ ಕಂಟಕವಾಗುತ್ತದೆ.

ಎರಡನೆಯದು ಮೊಳೆ ಕಿತ್ತು ಹಾರುವ ಅಪಾಯ. ಪಟ್ಟೆ ಹಿಂದಿನ ಚಕ್ರವನ್ನು ಬಳಸಿ ತಿರುಗುವಾಗ ಮೊಳೆಗೆ ಕೇಂದ್ರದ ಕಡೆಗೆ ಎಳೆಯುವ ಬಲ ಬೇಕು. ತಿರುವಿನ ತ್ರಿಜ್ಯ ೧೦ ಸೆಂಟಿಮೀಟರು, ಪಟ್ಟೆಯ ವೇಗ ಗಂಟೆಗೆ ೧೦೦ ಕಿಲೋಮೀಟರು, ಎಂದರೆ ಸೆಕೆಂಡಿಗೆ ೨೭.೮ ಮೀಟರು ಎಂದಿರಲಿ. ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿದರೆ ದೊರೆಯುವ ವೇಗೋತ್ಕರ್ಷ ಗುರುತ್ವದ ಸುಮಾರು ೭೯೦ ಪಟ್ಟು. ೨೦ ಗ್ರಾಂ ತೂಕದ ಮೊಳೆಯನ್ನು ಹಿಡಿದಿಡಲು ಸುಮಾರು ೧೬ ಕಿಲೋಗ್ರಾಂ ಭಾರಕ್ಕೆ ಸಮನಾದ ಬಲ ಬೇಕು! ಪ್ರತಿ ಸುತ್ತಿನಲ್ಲಿಯೂ ಈ ಜಗ್ಗಾಟ ನಡೆಯುತ್ತದೆ. ಸಡಿಲವಾದ ನಟ್ಟು, ಹರಿದ ರಬ್ಬರು ಎಷ್ಟು ಕಾಲ ತಾಳೀತು? ನಿಂತಲ್ಲೇ ಪಟ್ಟೆ ಗಿರ್ರನೆ ತಿರುಗುವಾಗ ಕಿತ್ತುಬಂದ ಮೊಳೆ ಇದೇ ವೇಗದಿಂದ ಹಿಂದಕ್ಕೆ ಚಿಮ್ಮುತ್ತದೆ. ಸುಮಾರು ೩೯ ಮೀಟರು ಎತ್ತರದಿಂದ ಬಿದ್ದ ಮೊಳೆಗೆ ಇರುವ ಚಲನಶಕ್ತಿ ಅದಕ್ಕಿರುತ್ತದೆ. ಆದುದರಿಂದ ಬಂಡಿಯ ಹಿಂಭಾಗವನ್ನೆತ್ತಿ ಪಟ್ಟೆಯನ್ನು ತಿರುಗಿಸಿ ನೋಡುವಾಗ ಯಾರೂ ಅದರ ಹಿಂದೆ ನಿಲ್ಲಕೂಡದು.

ಮೂರನೆಯದು ತಿರುವಿನ ಅಪಾಯ. ಜಾರುಹಲಗೆಗಳ ಅಡಿಯಲ್ಲಿಯೂ ಗಟ್ಟಿ ಲೋಹದ ಅಲಗುಗಳಿರುತ್ತವೆ. ಪಟ್ಟೆಗೆ ಮೊಳೆ ಬಡಿದು ಈ ಅಲಗುಗಳನ್ನು ಮೊಂಡಾಗಿಯೇ ಬಿಟ್ಟರೆ ಹಿಂಭಾಗಕ್ಕೆ ಹಿಡಿತ ಹೆಚ್ಚು, ಮುಂಭಾಗಕ್ಕೆ ಕಡಿಮೆ. ಸವಾರನು ಹಿಡಿಯನ್ನು ತಿರುಗಿಸಿದರೂ ಬಂಡಿ ನೆಟ್ಟಗೆ ಮುಂದಕ್ಕೇ ಹೋಗುತ್ತದೆ. ಅಲಗು ಹರಿತವಾಗಿದ್ದು ಪಟ್ಟೆ ಬರಿದಾಗಿದ್ದರೆ ಹಿಂಭಾಗ ಪಕ್ಕಕ್ಕೆ ಜಾರಿ ಬಂಡಿ ಬುಗುರಿಯಂತೆ ಸುತ್ತುತ್ತದೆ. ಮುಂದು ಹಿಂದುಗಳ ಹಿಡಿತ ಒಂದಕ್ಕೊಂದು ಹೊಂದಿರಬೇಕು.

ನಾಲ್ಕನೆಯದು ನಾವು ಮೊದಲು ಹೇಳಿದ ವಿಶ್ವಾಸಾರ್ಹತೆಗೇ ತಗಲುವ ಪೆಟ್ಟು. ಪಟ್ಟೆಯ ಮೇಲೆ ಸುರಂಗದಂತೆ ಕವುಚಿದ ಲೋಹದ ಹೊದಿಕೆಯಿದೆ. ನೀರಿನಿಂದ ತಂಪಾಗುವ ಎಂಜಿನ್ನುಗಳಲ್ಲಿ ಆ ಬಿಸಿನೀರಿನ ಶಾಖ ಹೊರಹೋಗುವ ಕೊಳವೆಗಳಿರುವುದು ಈ ಸುರಂಗದ ಒಳಮೈಯಲ್ಲಿ. ವೇಗ ಹೆಚ್ಚಿದಂತೆ ಪಟ್ಟೆ ಹೊರಕ್ಕೆ ಉಬ್ಬುತ್ತದೆ; ಆಗ ಮೊಳೆ ಈ ಕೊಳವೆಗೆ ತಾಗಿದರೆ ನೀರು ಸೋರಿ ಎಂಜಿನ್ನು ಕಾದು ನಿಲ್ಲುತ್ತದೆ. ಇದನ್ನು ತಡೆಯಲು ಸುರಂಗದೊಳಗೆ ರಕ್ಷಣೆಯ ಪಟ್ಟಿಗಳನ್ನು ಹಾಕುತ್ತಾರೆ. ಇನ್ನೂ ಸೂಕ್ಷ್ಮವಾದ ವಿಷಯವೊಂದುಂಟು. ಆ ಕೊಳವೆಗಳನ್ನು ತಂಪು ಮಾಡುವುದೂ, ಪಟ್ಟೆ ಉಜ್ಜಿ ಓಡುವ ಪ್ಲಾಸ್ಟಿಕ್ ಹಳಿಗಳಿಗೆ ಜಿಡ್ಡಾಗಿ ಒದಗುವುದೂ ಪಟ್ಟೆ ಎರಚುವ ಹಿಮವೇ. ಬರಿಯ ಗಡ್ಡೆಯ ಮೇಲೆ ಎರಚಲು ಹಿಮವೆಲ್ಲಿ? ಎಂಜಿನ್ನು ಕಾಯುತ್ತದೆ, ಹಳಿ ಕರಗುತ್ತದೆ. ಯಾವ ನೆಲದಲ್ಲಿ ಮೊಳೆಗಳು ಬಂಡಿಗೆ ಧೈರ್ಯ ಕೊಡುತ್ತವೆಯೋ ಆ ನೆಲದಲ್ಲಿಯೇ ಬಂಡಿಗೆ ಉಸಿರುಕಟ್ಟುತ್ತದೆ.

ಮೊಳೆ ನೆಲವನ್ನೂ ಕೊರೆಯುತ್ತದೆ. ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ ಡಾಂಬರು ಹಾಸಿದ ಸಾರ್ವಜನಿಕ ಜಾಡುಗಳ ಮೇಲೆ ಲೋಹದ ಮೊಳೆಗಳಿಗೆ ನಿರ್ಬಂಧವಿರುವುದು ಇದರಿಂದಲೇ. ಇಷ್ಟಾಗಿ, ಮೊಳೆ ಎಷ್ಟೇ ಬಲವಾಗಿದ್ದರೂ ಗಡ್ಡೆಯನ್ನು ದಪ್ಪ ಮಾಡಲಾರದು. ತಿಳಿಯಾದ ಹೊಸ ಗಡ್ಡೆ ೧೩ರಿಂದ ೧೮ ಸೆಂಟಿಮೀಟರು ದಪ್ಪವಿಲ್ಲದೆ ಸ್ನೋಮೊಬೈಲನ್ನು ಅದರ ಮೇಲೆ ತರಬಾರದೆಂಬುದು ಆ ನಾಡುಗಳಲ್ಲಿ ರೂಢಿಯ ಎಚ್ಚರಿಕೆ.

೧೯೬೮ರ ಏಪ್ರಿಲಿನಲ್ಲಿ ರಾಲ್ಫ್ ಪ್ಲೇಸ್ಟೆಡ್ ಮತ್ತು ಸಂಗಡಿಗರು ಸ್ನೋಮೊಬೈಲುಗಳ ಮೇಲೆ ಉತ್ತರಧ್ರುವವನ್ನು ಮುಟ್ಟಿದರು. ಹಿಂದಿನ ವರ್ಷ ಅವರ ಪ್ರಯತ್ನ ನಿಷ್ಫಲವಾಗಿತ್ತು. ಯಂತ್ರ ಸಾಹಸಕ್ಕೆ ಒದಗಬಲ್ಲದು. ಆದರೆ ಪ್ರಕೃತಿಯ ನಿಯಮಗಳಿಂದ ಅದು ಯಾರಿಗೂ ವಿನಾಯಿತಿ ಕೊಡಿಸದು. ಹೊರಡುವ ಮುನ್ನ ಒಂದೊಂದು ಮೊಳೆಯನ್ನೂ ಮುಟ್ಟಿ ನೋಡುವ, ಬೆಲ್ಟೊಂದನ್ನು ಹೆಚ್ಚಿಗೆ ಇಟ್ಟುಕೊಳ್ಳುವ, ಒಂಟಿಯಾಗಿ ಹೋಗದಿರುವ ಸವಾರನು ಅಂಜುಬುರುಕನಲ್ಲ; ಲೆಕ್ಕ ಬಲ್ಲವನು.

ಅಭ್ಯಾಸಕ್ಕಾಗಿ

೧. ಘರ್ಷಣ ಗುಣಾಂಕ ೦.೧ ಇರುವಾಗ ವೇಗ ಗಂಟೆಗೆ ೬೦ರಿಂದ ೩೦ ಕಿಲೋಮೀಟರಿಗೆ ಇಳಿದರೆ ನಿಲ್ಲುವ ದೂರ ಎಷ್ಟಾಗುತ್ತದೆ? ಮೊಳೆ ಹಾಕುವುದಕ್ಕೂ ವೇಗ ತಗ್ಗಿಸುವುದಕ್ಕೂ ಹೋಲಿಸಿ, ಯಾವುದರಿಂದ ಹೆಚ್ಚು ಲಾಭವೆಂದು ಹೇಳಿರಿ.

೨. ಪಟ್ಟೆಯ ವೇಗ ಬದಲಾಗದೆ ತಿರುವಿನ ತ್ರಿಜ್ಯ ಇಮ್ಮಡಿಯಾದರೆ ಮೊಳೆಯನ್ನು ಹಿಡಿದಿಡಲು ಬೇಕಾದ ಬಲ ಏನಾಗುತ್ತದೆ?

೩. ಬಂಡಿ ಜಾರದೆ ಓಡುವಾಗ ಪಟ್ಟೆಯ ಕೆಳಭಾಗ ನೆಲಕ್ಕೆ ಹೋಲಿಸಿದರೆ ನಿಶ್ಚಲ. ಮೇಲ್ಭಾಗದ ವೇಗ ಬಂಡಿಯ ವೇಗದ ಎರಡರಷ್ಟು. ಇದರಿಂದ, ಪಟ್ಟೆಗೆ ಸೇರಿಸಿದ ಮೊಳೆಗಳ ಚಲನಶಕ್ತಿ ಆಸನದ ಮೇಲಿಟ್ಟ ಅಷ್ಟೇ ತೂಕದ ವಸ್ತುವಿನದಕ್ಕಿಂತ ಇಮ್ಮಡಿ ಎಂದು ತೋರಿಸಿರಿ.