ಅಂಟಿಸಿದ ವಿಮಾನ ಬಿಚ್ಚೋದು ಹೇಗೆ?

ಹಲಸೂರು, ಮುರುಗೇಶಪಾಳ್ಯ, ವಿಮಾನಪುರದ ಕಡೆ ಎಚ್‌ಎಎಲ್‌ನಲ್ಲಿ ದುಡಿದವರ ಮನೆಗಳು ಸಾಕಷ್ಟಿವೆ. ಅಂಥ ಮನೆಯ ಶೋಕೇಸಲ್ಲಿ ಧೂಳು ಹಿಡಿದ ಪ್ಲಾಸ್ಟಿಕ್ ವಿಮಾನ ಕಂಡ್ರೆ, ಅದು ಯಾರೋ ಕೈಯಾರೆ ಅಂಟಿಸಿದ ಮಾಡೆಲ್ ಕಿಟ್ ಇರಬಹುದು. ರೆಕ್ಕೆ ಸೊಟ್ಟಗಾಗಿರುತ್ತೆ, ಬಣ್ಣ ಎದ್ದಿರುತ್ತೆ. ಸರಿಮಾಡೋಕೆ ಮೊದಲು ಬಿಚ್ಚಬೇಕು. ಜೋಡಿಸೋಕೆ ಡಬ್ಬಿ ಜೊತೆ ಸೂಚನೆ ಬರುತ್ತೆ, ಬಿಚ್ಚೋಕೆ ಬರಲ್ಲ. ಅದಕ್ಕೇ ಈ ಪಾಠ.

1. ಇದು ಅಂಟಲ್ಲ, ವೆಲ್ಡಿಂಗ್

ಈ ಕಿಟ್‌ಗಳು ಪಾಲಿಸ್ಟೈರೀನ್‌ನವು. ಕಿಟ್ ಸಿಮೆಂಟ್‌ನಲ್ಲಿರೋ ಸಾಲ್ವೆಂಟ್ ಎರಡೂ ತುಂಡುಗಳ ಮೇಲ್ಮೈಯನ್ನು ಕರಗಿಸುತ್ತೆ. ಆಗ ಎರಡೂ ಕಡೆಯ ಪಾಲಿಮರ್ ಸರಪಳಿಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಸಾಲ್ವೆಂಟ್ ಆರಿಹೋದ ಮೇಲೆ ಉಳಿಯೋದು ಪ್ಲಾಸ್ಟಿಕ್ ಮಾತ್ರ. ಅಂದ್ರೆ ಕರಗಿಸಿ ತೆಗೆಯೋಕೆ ಅಲ್ಲಿ ಅಂಟೇ ಇಲ್ಲ! ಜೋಡಣೆಯನ್ನ ಕರಗಿಸೋದು ಮಾಡೆಲನ್ನೂ ಕರಗಿಸುತ್ತೆ. ಹಾಗಾಗಿ ಅಸಿಟೋನ್, ನೇಲ್ ಪಾಲಿಶ್ ರಿಮೂವರ್, ಥಿನ್ನರ್, ಪೆಟ್ರೋಲ್ ಹತ್ತಿರಕ್ಕೂ ತರಬೇಡಿ.

ಸಮಾಧಾನದ ವಿಷಯ ಏನಂದ್ರೆ, ಹಳೇ ಜೋಡಣೆಗಳು ಎಲ್ಲಾ ಕಡೆ ಪೂರ್ತಿ ಬೆಸೆದಿರಲ್ಲ. ಬಣ್ಣದ ಮೇಲೇ ಸಿಮೆಂಟ್ ಹಚ್ಚಿರ್ತಾರೆ, ಅಂಚುಗಳು ಸರಿಯಾಗಿ ಕೂತಿರಲ್ಲ. ನಮ್ಮ ದಾರಿ ಅಲ್ಲೇ.

2. ಮೊದಲು ಪತ್ತೆ ಹಚ್ಚಿ

ಜೋಡಣೆಯ ಗೆರೆ ಮೇಲೆ ಕರಗಿ ಉಬ್ಬಿದ ಪ್ಲಾಸ್ಟಿಕ್ ಇದ್ರೆ ಕಿಟ್ ಸಿಮೆಂಟ್. ಗಾಜಿನಂಥ ಗಟ್ಟಿ ಹನಿ, ಸುತ್ತ ಬಿಳಿ ಮಸುಕು ಇದ್ರೆ ಫೆವಿಕ್ವಿಕ್ ಜಾತಿಯ ಸೂಪರ್ ಗ್ಲೂ. ಹಳದಿ ಬಣ್ಣದ ದಪ್ಪ ಪದರ ಇದ್ರೆ ಅರಾಲ್ಡೈಟ್ ಥರದ ಎಪಾಕ್ಸಿ. ಒಂದೇ ಮಾಡೆಲಲ್ಲಿ ಮೂರೂ ಇರಬಹುದು, ಯಾಕಂದ್ರೆ ಹಿಂದೆ ರಿಪೇರಿ ಮಾಡಿದವರು ಕೈಗೆ ಸಿಕ್ಕಿದ್ದನ್ನ ಹಾಕಿರ್ತಾರೆ.

3. ಬಿಚ್ಚುವ ಕ್ರಮ

ಫೋಟೋ: ಎಲ್ಲಾ ಕಡೆಯಿಂದ ತೆಗೆದಿಟ್ಕೊಳ್ಳಿ. ಚಕ್ರ, ಆಂಟೆನಾದಂಥ ಸಣ್ಣ ಭಾಗಗಳನ್ನ ಮೊದಲು ಬಿಡಿಸಿ.

ಫ್ರೀಜರ್: ಕವರಲ್ಲಿ ಸುತ್ತಿ ಎರಡು ಮೂರು ಗಂಟೆ ಇಡಿ. 27 ಡಿಗ್ರಿಯಿಂದ ಮೈನಸ್ 18ಕ್ಕೆ ಇಳಿದ್ರೆ 10 ಸೆಂ.ಮೀ. ಪಾಲಿಸ್ಟೈರೀನ್ ಸುಮಾರು 0.3 ಮಿ.ಮೀ. ಕುಗ್ಗುತ್ತೆ. ಆದರೆ ಎರಡೂ ತುಂಡು ಒಂದೇ ಪ್ಲಾಸ್ಟಿಕ್, ಒಂದೇ ಥರ ಕುಗ್ಗುತ್ತವೆ. ಹಾಗಾಗಿ ಬೆಸೆದ ಜಾಗದಲ್ಲಿ ಲಾಭ ಕಡಿಮೆ. ಸೂಪರ್ ಗ್ಲೂ ಮಾತ್ರ ತಣ್ಣಗಾದಾಗ ಇನ್ನಷ್ಟು ಪೆಡಸಾಗಿ, ಸಣ್ಣ ಒತ್ತಡಕ್ಕೇ ಟಕ್ ಅಂತ ಬಿಡುತ್ತೆ. ನೆನಪಿರಲಿ, ಪ್ಲಾಸ್ಟಿಕ್ಕೂ ಪೆಡಸಾಗಿರುತ್ತೆ, ತಿರುಚಬೇಡಿ.

ಐಪಿಎ: ಮೊಬೈಲ್ ರಿಪೇರಿಯವರು ಬೋರ್ಡ್ ಒರೆಸೋ ಐಸೋಪ್ರೊಪೈಲ್ ಆಲ್ಕೋಹಾಲ್ ಇದು. ಬ್ರಷ್‌ನಿಂದ ಗೆರೆಗೆ ಹನಿ ಬಿಟ್ರೆ ಸಂದಿಯೊಳಗೆ ತಾನೇ ಇಳಿಯುತ್ತೆ. ಪಾಲಿಸ್ಟೈರೀನನ್ನ ಕರಗಿಸಲ್ಲ, ನಡುವಿನ ಬಣ್ಣವನ್ನ ಸಡಿಲಿಸುತ್ತೆ. ಕಾಕ್‌ಪಿಟ್‌ನ ಪಾರದರ್ಶಕ ಮುಚ್ಚಳಕ್ಕೆ ತಾಗಿಸಬೇಡಿ, ಕೂದಲೆಳೆ ಬಿರುಕು ಬರಬಹುದು. ಕಿಟಕಿ ತೆಗೆದಿಡಿ, ಬೆಂಕಿ ದೂರ ಇರಲಿ.

ಬ್ಲೇಡ್ ಮತ್ತು ದಾರ: ಶೇವಿಂಗ್ ಬ್ಲೇಡ್ ದಪ್ಪ ಬರೀ 0.1 ಮಿ.ಮೀ. ಗೆರೆಯಲ್ಲಿ ಹಗುರವಾಗಿ ಹತ್ತಾರು ಸಲ ಎಳೆಯಿರಿ, ಮೀಟಬೇಡಿ. ಸ್ವಲ್ಪ ಬಾಯಿಬಿಟ್ಟ ಮೇಲೆ ಹೊಲಿಗೆ ದಾರ ತೂರಿಸಿ ಗರಗಸದ ಥರ ನಿಧಾನವಾಗಿ ಎಳೆಯಿರಿ. ಜೋರಾಗಿ ಎಳೆದ್ರೆ ಘರ್ಷಣೆಯ ಬಿಸಿಗೆ ಪ್ಲಾಸ್ಟಿಕ್ ಕರಗುತ್ತೆ.

ಬಿಸಿನೀರು ಬೇಡ. ಪಾಲಿಸ್ಟೈರೀನ್ ಸುಮಾರು 100 ಡಿಗ್ರಿಗೆ ಮೆತ್ತಗಾಗುತ್ತೆ, ತೆಳು ರೆಕ್ಕೆ ಅದಕ್ಕೂ ಮುಂಚೆಯೇ ಡೊಂಕಾಗುತ್ತೆ.

4. ಎಲ್ಲಿ ನಿಲ್ಲಿಸಬೇಕು?

ನ್ಯಾಟ್ ಯುದ್ಧವಿಮಾನವನ್ನೇ ತಗೊಳ್ಳಿ. ಬೆಂಗಳೂರಿನ ಎಚ್‌ಎಎಲ್ ಲೈಸೆನ್ಸ್ ಪಡೆದು ತಯಾರಿಸಿದ್ದು ಒಂದೇ ಸೀಟಿನ ನ್ಯಾಟ್. ಅದನ್ನೇ ಸುಧಾರಿಸಿ ಅಜೀತ್ ಮಾಡಿದ್ರು, ಅದರ ಮೊದಲ ಹಾರಾಟ 1975ರಲ್ಲಿ. ಆದರೆ ಏರ್‌ಫಿಕ್ಸ್‌ನ ಹಳೇ 1/72 ಕಿಟ್ ಇರೋದು ಬ್ರಿಟನ್ನಿನ ಎರಡು ಸೀಟಿನ ಟ್ರೇನರ್ ನ್ಯಾಟ್‌ದು. ಅದರ ಮೂತಿ ಉದ್ದ, ರೆಕ್ಕೆಯೂ ದೊಡ್ಡದು.

ಈಗ ಅಂಥ ಕಿಟ್‌ನಲ್ಲಿ ಮೂತಿ ಕತ್ತರಿಸಿ, ಪುಟ್ಟಿ ತುಂಬಿ, ಒಂದೇ ಸೀಟು ಮಾಡಿದ ಗುರುತು ಕಂಡ್ರೆ ಏನರ್ಥ? ಅದು ತಪ್ಪಲ್ಲ. ತಾನು ನೋಡಿದ ವಿಮಾನ ಇದಲ್ಲ ಅಂತ ಗೊತ್ತಿದ್ದವರು ಕೂತು ತಿದ್ದಿದ ಕೆಲಸ. ಆ ಪುಟ್ಟಿಯನ್ನ ಕೆರೆದು ಡಬ್ಬಿಯ ಚಿತ್ರದಂತೆ 'ಸರಿ' ಮಾಡಿದ್ರೆ ಉಳಿಯೋದು ಬರೀ ಕಿಟ್. ಅಲ್ಲಿ ಬ್ಲೇಡ್ ಇಡಬೇಡಿ. ಸಡಿಲವಾದದ್ದನ್ನ ಮಾತ್ರ ಬಿಚ್ಚಿ. ಅನುಮಾನ ಇದ್ರೆ ಎಚ್‌ಎಎಲ್ ಹೆರಿಟೇಜ್ ಸೆಂಟರ್‌ಗೆ ಹೋಗಿ ನಿಜವಾದ ವಿಮಾನ ನೋಡ್ಕೊಂಡು ಬನ್ನಿ.

ಅಂಟಿಸಿದ ತಾತನೋ ಮಾವನೋ ಇನ್ನೂ ಮನೆಯಲ್ಲಿದ್ರೆ ಫ್ರೀಜರ್‌ಗೂ ಮುಂಚೆ ಅವರನ್ನ ಕೇಳಿ. ಯಾವ ಅಂಟು ಹಾಕಿದ್ರು ಅನ್ನೋದು ಅವರಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲ್ಲ.